ಹೊಳೆ ಬದಿ ರೆಸಾರ್ಟ್: ಭರತದ (ಸಮುದ್ರ ಉಬ್ಬರದ) ಹೊತ್ತಿಗೆ ಚರಂಡಿ ಪೈಪ್ ಉಲ್ಟಾ ಹೊಡೆಯುತ್ತದೆ, ಏನು ಮಾಡುವುದು?

ಹೊಳೆಬದಿ
ಉಡುಪಿ ಜಿಲ್ಲೆಯಲ್ಲಿ, ಅಳಿವೆಯಿಂದ, ಅಂದರೆ ಹೊಳೆ ಸಮುದ್ರ ಸೇರುವಲ್ಲಿಂದ, ಸ್ವಲ್ಪ ಒಳಗೆ, ಹೊಳೆ ದಂಡೆಯಲ್ಲಿ ನಮ್ಮದು 5 ಎಕರೆ ಜಾಗ. ನಾನು ಮತ್ತು ಭಾವ ಸೇರಿ ರೆಸಾರ್ಟ್ ಕಟ್ಟಿಸುತ್ತಿದ್ದೇವೆ. 18 ಕಾಟೇಜ್, ಒಂದು ಊಟದ ಹಾಲ್, ಈಜುಕೊಳ, ಪಾರ್ಕಿಂಗ್. ಅರ್ಧ ಕೆಲಸ ಆಗಿದೆ. ರಸ್ತೆ ಕಡೆಯ ಭಾಗಕ್ಕೆ ಕೆಂಪು ಮಣ್ಣು ತುಂಬಿಸಿ ಎತ್ತರ ಮಾಡಿದ್ದೇವೆ. ಹೊಳೆ ಕಡೆಯದು ಇನ್ನೂ ತಗ್ಗು, ಮೊದಲು ಗದ್ದೆ ಇದ್ದ ಬೈಲು.

ಮಳೆನೀರು ಹೋಗಲಿ ಅಂತ ಕಂಟ್ರಾಕ್ಟರ್ ಎರಡು ಅಡಿಯ ಹ್ಯೂಮ್ ಪೈಪ್ (ಕಾಂಕ್ರೀಟಿನದ್ದು) ಹಾಕಿ ಬಾಯಿಯನ್ನು ಹೊಳೆಗೆ ಬಿಟ್ಟಿದ್ದಾರೆ. ಸಾದಾ ಮಳೆಗೆ ತೊಂದರೆ ಇಲ್ಲ. ಜೋರು ಮಳೆಯೂ ಭರತವೂ ಒಟ್ಟಿಗೆ ಬಂದರೆ ಹೊಳೆ ನೀರೇ ಪೈಪ್ ಹತ್ತಿ ಬಂದು ಚೇಂಬರ್‌ನಿಂದ ಉಕ್ಕುತ್ತದೆ. ಕಳೆದ ಅಮಾವಾಸ್ಯೆಗೆ ಕೆಲವು ಕಾಟೇಜ್‌ಗಳ ಮೆಟ್ಟಿಲ ತನಕ ನೀರು. ಪಕ್ಕದ ತೆಂಗಿನ ತೋಟದವರು ಪಂಚಾಯತಿಗೆ ದೂರು ಕೊಟ್ಟಿದ್ದಾರೆ. ನೀವು ಮಣ್ಣು ತುಂಬಿಸಿದ ಮೇಲೆ ನಮ್ಮಲ್ಲಿ ನೀರು ನಿಲ್ಲುತ್ತಿದೆ ಅಂತ.

ಕಂಟ್ರಾಕ್ಟರ್ ಹೇಳುವುದು, ತಗ್ಗು ಜಾಗಕ್ಕೂ ಮೂರು ಅಡಿ ಮಣ್ಣು ಹೊಡೆಸುವ, ಪೈಪ್ ಮೂರು ಅಡಿಯದ್ದು ಮಾಡುವ, ಎಲ್ಲಾ ಸರಿಯಾಗುತ್ತದೆ ಅಂತ. ಭಾವನಿಗೂ ಅದೇ ಸರಿ ಕಾಣುತ್ತದೆ, ಅಲ್ಲಿ ಇನ್ನೂ ನಾಲ್ಕು ಕಾಟೇಜ್ ಕೂರುತ್ತದೆ. ಹಣ ಹಾಕುವ ಮೊದಲು ಗೊತ್ತಿದ್ದವರು ಹೇಳಿ.

ತೋಡಿನಮನೆ
ಒಂದೇ ಪ್ರಶ್ನೆ. ನಿಮ್ಮ ಜಾಗದಲ್ಲಿ ಮೊದಲು ತೋಡು, ಅಂದರೆ ಮಳೆನೀರು ಹರಿಯುವ ಸಣ್ಣ ಹಳ್ಳ, ಇತ್ತಾ?

ಹೊಳೆಬದಿ
ಸಣ್ಣದೊಂದು ಇತ್ತು. ಬೇಸಿಗೆಯಲ್ಲಿ ಪೂರ್ತಿ ಒಣಗಿರುತ್ತಿತ್ತು. ಅದರ ಮೇಲೆ ಈಗ ಪಾರ್ಕಿಂಗ್ ಬಂದಿದೆ. ನಾನು ಹೇಳಿದ ಪೈಪ್ ಅದರ ದಾರಿಯಲ್ಲೇ ಹಾಕಿದ್ದು.

ತೋಡಿನಮನೆ
ಹಾಗಾದರೆ ಅರ್ಧ ಉತ್ತರ ಸಿಕ್ಕಿತು ಮಾರಾಯ್ರೆ. ಬೇಸಿಗೆಯಲ್ಲಿ ಒಣಗಿದ ತೋಡನ್ನು ನೋಡಿ ಪೈಪಿನ ಅಳತೆ ನಿರ್ಧಾರ ಮಾಡಿದ್ದಾರೆ. ಜುಲೈನಲ್ಲಿ ನೋಡಬೇಕಿತ್ತು.

ನಮ್ಮ ಹಿರಿಯರು ಜಾಗವನ್ನು ಬೆಟ್ಟು, ಮಜಲು, ಬೈಲು ಅಂತ ಸುಮ್ನೆ ಹೆಸರಿಟ್ಟದ್ದಲ್ಲ. ಬೆಟ್ಟಿನಲ್ಲಿ ಮನೆ, ಮಜಲಿನಲ್ಲಿ ಒಂದು ಬೆಳೆ ಎರಡು ಬೆಳೆ, ಬೈಲಿನಲ್ಲಿ ನೀರು. ಮೇಲಿನ ಐವತ್ತು ಮನೆಯ ನೀರು ತೋಡಿಗೆ ಬಂದು, ತೋಡು ತುಂಬಿದರೆ ಬೈಲಿಗೆ ಹರಡಿ, ಇಳಿತ ಆದಾಗ ಹೊಳೆಗೆ ಇಳಿಯುತ್ತಿತ್ತು. ನೀವು ತೋಡನ್ನು ಪೈಪ್ ಮಾಡಿದಿರಿ. ಈಗ ಬೈಲಿಗೂ ಮಣ್ಣು ಹೊಡೆಸಿದರೆ ಆ ನೀರು ತೆಂಗಿನ ತೋಟದವರ ಅಂಗಳಕ್ಕೇ ಹೋಗುವುದು. ದೂರು ಕೊಡದೆ ಇನ್ನೇನು ಮಾಡುತ್ತಾರೆ ಅವರು?

ಆಟೋಲೆವೆಲ್
ಸಿವಿಲ್ ಇಂಜಿನಿಯರ್ ಇಲ್ಲಿ. ಕರಾವಳಿಯಲ್ಲೇ ಕೆಲಸ. ಲೆಕ್ಕ ಮಾಡಿ ತೋರಿಸುತ್ತೇನೆ, ಕಷ್ಟದ್ದಲ್ಲ.

ಒಂದು ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 5 ಎಕರೆ ಅಂದರೆ 20,000 ಚದರ ಮೀಟರ್ ಚಿಲ್ಲರೆ. ಭರತದ ಹೊತ್ತಿನ ಕೆಲವು ಗಂಟೆಗಳಲ್ಲಿ 100 ಮಿ.ಮೀ. ಸುರಿಯಿತು ಅಂತ ಇಟ್ಟುಕೊಳ್ಳಿ. ನಮ್ಮ ಕಡೆ ಇದು ಅಪರೂಪವೇನಲ್ಲ. ಒಟ್ಟು 20 ಲಕ್ಷ ಲೀಟರ್ ಆಯಿತು. ಛಾವಣಿ, ರಸ್ತೆ, ಇಂಟರ್‌ಲಾಕ್, ಹುಲ್ಲು ಎಲ್ಲಾ ಸರಾಸರಿ ಹಿಡಿದು ನೂರಕ್ಕೆ 60 ಭಾಗ ಹರಿದು ಬರುತ್ತದೆ ಅಂದರೂ 12 ಲಕ್ಷ ಲೀಟರ್. ಇದು ನಿಮ್ಮ ಜಾಗದ ಮಳೆ ಮಾತ್ರ. ತೋಡಿನಲ್ಲಿ ಮೇಲಿನಿಂದ ಬರುವುದು ಬೇರೆ.

ಇನ್ನು ಪೈಪ್. ಪೈಪಿನಲ್ಲಿ ನೀರು ಹರಿಯಬೇಕಾದರೆ ಒಳಗಿನ ನೀರಿನ ಮಟ್ಟ ಹೊರಗಿನದಕ್ಕಿಂತ ಮೇಲೆ ಇರಬೇಕು. ಭರತದಲ್ಲಿ ಹೊಳೆ ಮಟ್ಟ ನಿಮ್ಮ ಚೇಂಬರ್ ಮಟ್ಟಕ್ಕೆ ಬಂದಾಗ ಪೈಪ್ ಎರಡು ಅಡಿಯದ್ದಾದರೂ ಮೂರು ಅಡಿಯದ್ದಾದರೂ ಹರಿಯುವುದು ಸೊನ್ನೆ. ದೊಡ್ಡ ಪೈಪ್ ಹಾಕಿದರೆ ಹೊಳೆ ನೀರು ಒಳಗೆ ಬರುವುದು ಇನ್ನೂ ಸಲೀಸು, ಅಷ್ಟೇ.

ಮಂಗಳೂರು, ಉಡುಪಿ ಕಡೆ ಅಮಾವಾಸ್ಯೆ ಹುಣ್ಣಿಮೆಗೆ ಏರಿಳಿತ ಸುಮಾರು ಒಂದೂವರೆ ಮೀಟರ್. ಒಂದು ಭರತದಿಂದ ಇನ್ನೊಂದಕ್ಕೆ ಹನ್ನೆರಡೂವರೆ ಗಂಟೆ ಹತ್ತಿರ. ಮಳೆಗಾಲದಲ್ಲಿ ಮೇಲಿನಿಂದ ನೆರೆ ನೀರೂ ಬರುವುದರಿಂದ ಇಳಿತದಲ್ಲಿ ಕೂಡ ಹೊಳೆ ಪೂರ್ತಿ ಇಳಿಯುವುದಿಲ್ಲ. ಆದ್ದರಿಂದ ನೀವು ಕೇಳಬೇಕಾದ್ದು ಪೈಪ್ ಎಷ್ಟು ದೊಡ್ಡದು ಅಂತಲ್ಲ. ಬಾಯಿ ಮುಚ್ಚಿರುವ ಆ ನಾಲ್ಕೈದು ಗಂಟೆ 12 ಲಕ್ಷ ಲೀಟರ್ ಎಲ್ಲಿ ಕೂರುತ್ತದೆ ಅಂತ.

ಅರ್ಧ ಮೀಟರ್ ಆಳ ಸಿಗುವ ಹೊಂಡ ಅಂದರೆ 2,400 ಚದರ ಮೀಟರ್ ಬೇಕು. ಸುಮಾರು 60 ಸೆಂಟ್ಸ್ (ನೂರು ಸೆಂಟ್ಸ್ ಸೇರಿದರೆ ಒಂದು ಎಕರೆ).

ಖರ್ಚುವೆಚ್ಚ
60 ಸೆಂಟ್ಸ್! ಹೊಳೆ ಬದಿಯಲ್ಲಿ ಸೆಂಟ್ಸಿಗೆ ಎಷ್ಟು ಬೆಲೆ ಉಂಟು ಅಂತ ಇಂಜಿನಿಯರ್‌ಗೆ ಗೊತ್ತಾ? ಅಷ್ಟು ಜಾಗ ಹೊಂಡಕ್ಕೆ ಕೊಡುವ ಬದಲು ಒಂದು ಸಂಪ್ ಮಾಡಿ ಪಂಪ್ ಇಟ್ಟರೆ ಮುಗಿಯಿತಲ್ಲ.

ಆಟೋಲೆವೆಲ್
ಪಂಪ್ ಲೆಕ್ಕವೂ ಮಾಡುವ. ಗಂಟೆಗೆ 60 ಮಿ.ಮೀ. ಮಳೆ, 2 ಹೆಕ್ಟೇರ್, ಹರಿದು ಬರುವುದು ಅದೇ ನೂರಕ್ಕೆ 60. ಸೆಕೆಂಡಿಗೆ 200 ಲೀಟರ್ ಬರುತ್ತದೆ. ಅದನ್ನು 5 ಮೀಟರ್ ಹೆಡ್‌ನಲ್ಲಿ, ಅಂದರೆ ಅಷ್ಟು ಎತ್ತರಕ್ಕೆ, ಎತ್ತಲು 22 ಎಚ್‌ಪಿ ಆಸುಪಾಸು. ಒಂದು ಕೆಟ್ಟರೆ ಅಂತ ಇನ್ನೊಂದು. ಎರಡಕ್ಕೂ ಆಗುವ ಜನರೇಟರ್. ಅದನ್ನು ಸ್ಟಾರ್ಟ್ ಮಾಡಲು ರಾತ್ರಿ ಎರಡು ಗಂಟೆಗೆ ಒಬ್ಬ ಮನುಷ್ಯ.

ಪ್ಲಂಬರ್_ಮಣಿಪಾಲ
ಮತ್ತೆ ಯಾವ ಹೊತ್ತಿಗೆ ಕರೆಂಟ್ ಹೋಗುವುದು? ಪಂಪ್ ಬೇಕಾದ ಹೊತ್ತಿಗೇ. ಗಾಳಿ ಮಳೆಗೆ ಮರ ಬಿದ್ದು ಲೈನ್ ಕಟ್ ಆದರೆ ಮರುದಿನ ಮಧ್ಯಾಹ್ನ.

ಖರ್ಚುವೆಚ್ಚ
ಜನರೇಟರ್ ರೆಸಾರ್ಟಿನಲ್ಲಿ ಹೇಗೂ ಇರುತ್ತದೆ ಸ್ವಾಮಿ. ಎಸಿಗೆ ಇಟ್ಟದ್ದನ್ನು ಪಂಪಿಗೆ ಕೊಡುವುದು.

ಪ್ಲಂಬರ್_ಮಣಿಪಾಲ
ಕೊಡಿ. ಆದರೆ ಆ ಜನರೇಟರ್ ಎಲ್ಲಿ ಇಡುತ್ತಾರೆ ಅಂತ ನೋಡಿದ್ದೀರಾ? ಅತಿಥಿಗಳಿಗೆ ಶಬ್ದ ಕೇಳಬಾರದು ಅಂತ ಹಿಂದಿನ ಮೂಲೆಯಲ್ಲಿ, ತಗ್ಗಿನಲ್ಲಿ. ಅದೇ ಮೊದಲು ಮುಳುಗುವುದು. ಸಣ್ಣ ಪಂಪ್ ಒಂದು ಸಹಾಯಕ್ಕೆ ಇರಲಿ, ಬೇಡ ಅನ್ನುವುದಿಲ್ಲ. ಪೂರ್ತಿ ಅದನ್ನೇ ನಂಬಬೇಡಿ.

ಕಗ್ಗ_ಕುಮಟಾ
ಕುಮಟಾ ಕಡೆಯವನು. ನೀವೆಲ್ಲ ಹೊಸದಾಗಿ ಕಂಡುಹಿಡಿಯುತ್ತಿರುವುದು ನಮ್ಮ ಗಜನಿಯಲ್ಲಿ, ಅಂದರೆ ಹೊಳೆ ಬದಿಯ ಉಪ್ಪುನೀರಿನ ಗದ್ದೆಯಲ್ಲಿ, ಹಿಂದಿನಿಂದ ಇದೆ. ಅಘನಾಶಿನಿ ದಂಡೆಯಲ್ಲಿ, ಮಾಣಿಕಟ್ಟಾ ಸುತ್ತಮುತ್ತ, ಹೊಳೆಗೂ ಗದ್ದೆಗೂ ನಡುವೆ ಕಟ್ಟೆ. ಕಟ್ಟೆಯಲ್ಲಿ ಅಲ್ಲಲ್ಲಿ ಜಂತ್ರಡಿ, ಅಂದರೆ ಹಲಗೆ ಬಾಗಿಲು. ಭರತಕ್ಕೆ ಮುಚ್ಚು, ಇಳಿತಕ್ಕೆ ತೆರೆ. ಮಳೆಗಾಲದಲ್ಲಿ ಗದ್ದೆಯ ನೀರು ಇಳಿತದಲ್ಲಿ ಹೊರಗೆ ಹೋಗುತ್ತದೆ. ಮಳೆ ನೀರಿನಿಂದ ಉಪ್ಪು ತೊಳೆದು ಹೋದ ಮೇಲೆ ಕಗ್ಗ, ಅಂದರೆ ಉಪ್ಪು ತಡೆಯುವ ಭತ್ತ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಸಿಗಡಿ, ಮೀನು.

ಜಂತ್ರಡಿ ಮುಚ್ಚಿರುವಾಗ ನೀರು ಎಲ್ಲಿರುತ್ತಿತ್ತು? ಗದ್ದೆಯಲ್ಲಿ. ಕಗ್ಗ ಎತ್ತರ ಬೆಳೆಯುವ ತಳಿ, ಕೆಲವು ದಿನ ನೀರು ನಿಂತರೂ ಸಾಯುವುದಿಲ್ಲ. ಬಾಗಿಲೂ ಬೇಕು, ಹಿಂದೆ ತಗ್ಗು ಜಾಗವೂ ಬೇಕು. ನಿಮ್ಮ ಕಂಟ್ರಾಕ್ಟರ್ ಎರಡೂ ಇಲ್ಲದ ಹಾಗೆ ಮಾಡಲು ಹೊರಟಿದ್ದಾರೆ.

ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ) ಬಂತು. ಆದರೆ ಕಟ್ಟೆ ಒಡೆದರೆ ಸರಿ ಮಾಡುವವರಿಲ್ಲ, ಎಷ್ಟೋ ಗಜನಿ ಪಾಳು ಬಿದ್ದಿದೆ. ಅದು ಬೇರೆ ಕಥೆ.

ಮೀನುಪ್ರಿಯ
ಜಂತ್ರಡಿ ಬಾಯಿಗೆ ಬಲೆ ಕಟ್ಟಿ ಹಿಡಿದ ಸಿಗಡಿ ತಿಂದವರಿಗೆ ಗೊತ್ತು. ಈ ರೆಸಾರ್ಟಿನ ಹೊಂಡದಲ್ಲೂ ಮೀನು ಬರುತ್ತದಾ?

ಕಗ್ಗ_ಕುಮಟಾ
ಬರುತ್ತದೆ. ಆದರೆ ಪಾರ್ಕಿಂಗಿನ ಎಣ್ಣೆ ನೀರು ಅದಕ್ಕೇ ಬಿಟ್ಟರೆ ಸೀಮೆಎಣ್ಣೆ ವಾಸನೆಯ ಮೀನು ಬರುತ್ತದೆ.

ಬೆಂಗಳೂರು_ಬೋಟ್
ನಾವು ಬೆಂಗಳೂರಿನವರು ಇದರಲ್ಲಿ ಪಿಎಚ್‌ಡಿ ಮಾಡಿದ್ದೇವೆ. ಕೆರೆ ಮೇಲೆ ಲೇಔಟ್, ರಾಜಕಾಲುವೆ ಮೇಲೆ ಅಪಾರ್ಟ್‌ಮೆಂಟ್, ಆಮೇಲೆ ಬೇಸ್‌ಮೆಂಟಿಗೆ ಬೋಟ್. ನೀವು ಸಮುದ್ರದ ಪಕ್ಕದಲ್ಲಿದ್ದೂ ಅದೇ ಕಲಿತಿರಲ್ಲ.

ಒಮ್ಮೆ ಜುಲೈನಲ್ಲಿ ಫ್ಯಾಮಿಲಿ ಜೊತೆ ಕರಾವಳಿಯ ಒಂದು ರೆಸಾರ್ಟಿಗೆ ಬಂದಿದ್ದೆ, ಹೆಸರು ಬೇಡ. ಫೋಟೋದಲ್ಲಿ ಹುಲ್ಲುಹಾಸು, ಬಂದು ನೋಡಿದರೆ ಹುಲ್ಲಿನ ಮೇಲೆ ಪಾದ ಮುಳುಗುವಷ್ಟು ನೀರು. ಅದನ್ನಾದರೂ ಸಹಿಸಬಹುದು. ಬಾತ್‌ರೂಮಿನ ಜಾಲರಿಯಿಂದ ವಾಸನೆ ನೀರು ಮೇಲೆ ಬರುವುದನ್ನು ಯಾರು ಸಹಿಸುತ್ತಾರೆ? ಬೆಳಿಗ್ಗೆಯೇ ಗಂಟುಮೂಟೆ ಕಟ್ಟಿದೆವು.

ಪ್ಲಂಬರ್_ಮಣಿಪಾಲ
ಬೋಟ್ ಅಣ್ಣ ಹೇಳಿದ್ದು ಮುಖ್ಯ ವಿಷಯ. ಮಳೆನೀರಿನ ಲೈನ್ ಬೇರೆ, ಕಕ್ಕಸು ಬಚ್ಚಲಿನ ಲೈನ್ ಬೇರೆ. ಎಲ್ಲರೂ ಡ್ರಾಯಿಂಗಿನಲ್ಲಿ ಬೇರೆ ಬೇರೆ ತೋರಿಸುತ್ತಾರೆ. ಸೈಟಿನಲ್ಲಿ ಕೊನೆಯ ಎರಡು ಛಾವಣಿಯ ಪೈಪ್ ಹತ್ತಿರದ ಚೇಂಬರ್‌ಗೆ ತುರುಕಿ ಮುಗಿಸುತ್ತಾರೆ. ಅದು ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ, ಚೇಂಬರ್ ಆಗಿರುತ್ತದೆ. ಮಳೆ ಬಂದಾಗ ಎಸ್‌ಟಿಪಿಯಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾ ಎಲ್ಲ ತೊಳೆದುಕೊಂಡು ಹೊಳೆಗೆ ಹೋಯಿತು. ಆಮೇಲೆ ವಾರಗಟ್ಟಲೆ ವಾಸನೆ.

ತಗ್ಗಿನಲ್ಲಿರುವ ಮ್ಯಾನ್‌ಹೋಲ್ ಮುಚ್ಚಳ ನೆಲದಿಂದ ಒಂದಡಿ ಮೇಲೆ ಇರಲಿ, ರಬ್ಬರ್ ಪಟ್ಟಿ ಇರುವಂಥದ್ದು. ನೋಡಲು ಚೆಂದ ಇಲ್ಲ ಅಂತ ಆರ್ಕಿಟೆಕ್ಟ್ ನೆಲಸಮ ಮಾಡಿಸುತ್ತಾರೆ. ಬಿಡಬೇಡಿ.

ಮತ್ತೆ ಹೊಳೆಬದಿಯವರೇ, ಈಜುಕೊಳ ಕಟ್ಟಿ ಆಗಿದೆಯಾ? ಮಳೆಗಾಲದಲ್ಲಿ ಅದನ್ನು ಖಾಲಿ ಮಾಡಬೇಡಿ.

ಹೊಳೆಬದಿ
ಕಾಂಕ್ರೀಟ್ ಆಗಿದೆ, ಟೈಲ್ಸ್ ಬಾಕಿ. ಈಗ ಖಾಲಿಯೇ ಇದೆ. ಯಾಕೆ?

ಪ್ಲಂಬರ್_ಮಣಿಪಾಲ
ಅಯ್ಯೋ ದೇವರೇ. ಇವತ್ತೇ ನೀರು ತುಂಬಿಸಿ.

ಆಟೋಲೆವೆಲ್
ಪ್ಲಂಬರ್ ಹೇಳಿದ್ದು ಸರಿ, ತಮಾಷೆ ಅಲ್ಲ. ಹೊಳೆ ಬದಿಯಲ್ಲಿ ಜುಲೈನಲ್ಲಿ ನೆಲದಡಿಯ ನೀರು ಒಂದೆರಡು ಅಡಿಗೇ ಸಿಗುತ್ತದೆ. ಖಾಲಿ ಕೊಳ ಆ ನೀರಿನಲ್ಲಿ ದೋಣಿಯ ಹಾಗೆ ತೇಲಲು ನೋಡುತ್ತದೆ. ಕೊಳದ ತೂಕಕ್ಕಿಂತ ಅದು ಸರಿಸಿದ ನೀರಿನ ತೂಕ ಜಾಸ್ತಿ ಆದರೆ ತಳ ಬಿರುಕು ಬಿಡುತ್ತದೆ, ಇಲ್ಲವೇ ಇಡೀ ತೊಟ್ಟಿಯೇ ಓರೆಯಾಗಿ ಏಳುತ್ತದೆ. ತಳದಲ್ಲಿ ಪ್ರೆಶರ್ ಬಿಡುವ ವಾಲ್ವ್ ಇಟ್ಟಿದ್ದಾರಾ ಕೇಳಿ. ಇಲ್ಲದಿದ್ದರೆ ತುಂಬಿಸಿಯೇ ಇಡಿ. ಟೈಲ್ಸ್ ಜನವರಿಯಲ್ಲಿ ಹಾಕಿ.

ದುಬೈ_ಕುಂದಾಪ್ರ
ಹ್ವಾಯ್, ಇಲ್ಲಿ ದುಬೈಯಲ್ಲಿ 2024ರ ಏಪ್ರಿಲ್ 16ಕ್ಕೆ ಏನಾಯಿತು ಅಂತ ಎಲ್ಲರೂ ನೋಡಿದ್ದೀರಿ. ಅಲ್ ಐನ್ ಕಡೆ ಒಂದು ದಿನದೊಳಗೆ 254 ಮಿ.ಮೀ. ಸುರಿಯಿತು. ದುಬೈಗೆ ಸಮುದ್ರ ಪಕ್ಕದಲ್ಲೇ ಇದೆ, ಹಣಕ್ಕೆ ಕೊರತೆ ಇಲ್ಲ, ಆದರೂ ಟ್ಯಾಂಕರ್ ತಂದು ನೀರು ಎತ್ತಬೇಕಾಯಿತು. ಜಾಗ ಸಪಾಟು, ಇಳಿಜಾರಿಲ್ಲ, ಎಲ್ಲಾ ಕಡೆ ಕಾಂಕ್ರೀಟ್. ನೀರು ಪಕ್ಕದಲ್ಲಿದೆ ಅಂದ ಮಾತ್ರಕ್ಕೆ ನೀರು ಅಲ್ಲಿಗೆ ಹೋಗುತ್ತದೆ ಅಂತಲ್ಲ.

ತೋಡಿನಮನೆ
254 ನಮಗೆ ಆಟಿಯ (ಆಷಾಢದ) ಒಂದು ಜೋರು ದಿನ. ಹವಾಮಾನ ಇಲಾಖೆಯವರು 204.5 ಮಿ.ಮೀ. ದಾಟಿದರೆ ಅತ್ಯಂತ ಭಾರೀ ಮಳೆ ಅನ್ನುತ್ತಾರೆ. ಉಡುಪಿಯಲ್ಲಿ ಅಂಥದ್ದು ನೋಡದ ಮಕ್ಕಳಿಲ್ಲ. ಆದರೆ 2020ರ ಸೆಪ್ಟೆಂಬರ್ 20 ನಮಗೂ ಹೊಸದು. ಸುವರ್ಣಾ, ಸೀತಾ ಎರಡೂ ಉಕ್ಕಿ, ನೀರು ಬಾರದ ಕಡೆಗೂ ಬಂತು. ಆ ಹೊಳೆಗಳು ಒಟ್ಟು ಸೇರಿ ಸಮುದ್ರಕ್ಕೆ ಹೋಗುವುದು ಕೋಡಿಬೆಂಗ್ರೆಯ ಒಂದೇ ಅಳಿವೆಯಲ್ಲಿ. ಅಷ್ಟು ನೀರಿಗೆ ಒಂದು ಬಾಗಿಲು. ಅವತ್ತಿನ ನೆರೆ ಗುರುತು ನಿಮ್ಮ ಊರಿನ ಯಾವುದಾದರೂ ಗೋಡೆಯಲ್ಲಿ ಇರಬಹುದು. ಹುಡುಕಿ. ಕಾಟೇಜಿನ ನೆಲ ಅದಕ್ಕಿಂತ ಮೇಲೆ ಉಂಟಾ ನೋಡಿ.

ಜಲಕೊಯ್ಲು
ಇಷ್ಟೆಲ್ಲ ತಲೆಬಿಸಿ ಯಾಕೆ? ಛಾವಣಿ ನೀರನ್ನು ಹಿಡಿದಿಟ್ಟರೆ ಆಯಿತು. 600 ಚದರ ಅಡಿ ಛಾವಣಿಗೆ ವರ್ಷಕ್ಕೆ 4,000 ಮಿ.ಮೀ. ಅಂದರೆ 2 ಲಕ್ಷ ಲೀಟರ್ ಮೇಲೆ. 18 ಕಾಟೇಜಿಗೆ ಲೆಕ್ಕ ಹಾಕಿ. ಉಳಿದದ್ದಕ್ಕೆ ಇಂಗುಗುಂಡಿ.

ಆಟೋಲೆವೆಲ್
ಹಿಡಿಯಲಿ, ಒಳ್ಳೆಯದೇ. ಏಪ್ರಿಲ್ ಮೇಯಲ್ಲಿ ಬಾವಿ ಉಪ್ಪಾದಾಗ ಉಪಯೋಗಕ್ಕೆ ಬರುತ್ತದೆ. ಆದರೆ ನೆರೆಗೆ ಇದು ಮದ್ದಲ್ಲ. ಟ್ಯಾಂಕ್ ಜೂನ್ ತಿಂಗಳಲ್ಲೇ ತುಂಬಿರುತ್ತದೆ. ಜುಲೈನ ಆ ಕೆಟ್ಟ ರಾತ್ರಿ ಅದರಲ್ಲಿ ಒಂದು ಕೊಡ ನೀರಿಗೂ ಜಾಗ ಇರುವುದಿಲ್ಲ.

ಇಂಗುಗುಂಡಿ ಬೆಟ್ಟಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ಗುಂಡಿ ತೋಡಿದರೆ ಕೆಳಗಿನಿಂದಲೇ ನೀರು ಬರುತ್ತದೆ. ತುಂಬಿದ ಪಾತ್ರೆಗೆ ಇನ್ನೆಲ್ಲಿ ಇಂಗಿಸುವುದು?

ಜಲಕೊಯ್ಲು
ನಮ್ಮ ಪುತ್ತೂರಿನ ಗುಡ್ಡದಲ್ಲಿ ಇಂಗುಗುಂಡಿಯಿಂದ ಬಾವಿಯೇ ತುಂಬಿದೆ. ಕಣ್ಣಾರೆ ಕಂಡದ್ದು.

ಆಟೋಲೆವೆಲ್
ಪುತ್ತೂರಿನ ಗುಡ್ಡ ಅಂತ ನೀವೇ ಹೇಳಿದಿರಲ್ಲ ಸರ್. ಗುಡ್ಡದಲ್ಲಿ ಕೂಡ ನೋಡಿಕೊಂಡು ಮಾಡಬೇಕು. ಮುರಕಲ್ಲಿನ (ಜಂಬಿಟ್ಟಿಗೆಯ) ಕೆಳಗೆ ಶೇಡಿ ಮಣ್ಣು, ಅಂದರೆ ನುಣ್ಣನೆಯ ಜೇಡಿ, ಇರುವಲ್ಲಿ ನೀರು ಕುಡಿಸಿದರೆ ಅದು ಮೆತ್ತಗಾಗಿ ಧರೆ ಜರಿಯುತ್ತದೆ.

ಸೊಳ್ಳೆಬತ್ತಿ
60 ಸೆಂಟ್ಸ್ ಹೊಂಡ ಅಂದರೆ ಸೊಳ್ಳೆ ಫ್ಯಾಕ್ಟರಿ. ಡೆಂಗ್ಯೂ ಬಂದರೆ ರೆಸಾರ್ಟಿಗೆ ಯಾರು ಬರುತ್ತಾರೆ?

ಕಾಂಡ್ಲ
ಹೊಂಡ ಅಂದರೆ ಯಾವಾಗಲೂ ನೀರು ನಿಂತಿರಬೇಕು ಅಂತಿಲ್ಲ. ಮಳೆ ಬಂದಾಗ ತುಂಬಿ, ಇಳಿತದಲ್ಲಿ ಖಾಲಿಯಾಗುವ ಹಾಗೆ ತಳಕ್ಕೆ ಇಳಿಜಾರು ಕೊಟ್ಟರೆ ಸೊಳ್ಳೆ ಮರಿಗೆ ಸಮಯವೇ ಸಿಗುವುದಿಲ್ಲ. ಮೊಟ್ಟೆಯಿಂದ ಸೊಳ್ಳೆ ಆಗಲು ವಾರ ಬೇಕು. ಡೆಂಗ್ಯೂ ಸೊಳ್ಳೆ ಸಾಮಾನ್ಯವಾಗಿ ಬೆಳೆಯುವುದು ಟೈರ್, ಹೂಕುಂಡದ ತಟ್ಟೆ, ಬಿಸಾಡಿದ ಎಳನೀರು ಚಿಪ್ಪಿನಲ್ಲಿ. ನೀವು ಹೆದರಬೇಕಾದ್ದು ಅದಕ್ಕೆ.

ಹೊಳೆಬದಿಯವರೇ, ದಂಡೆಯಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಗಿಡ ಉಂಟಾ? ಇದ್ದರೆ ದಯವಿಟ್ಟು ಕಡಿಯಬೇಡಿ. ಮಳೆನೀರನ್ನು ಒಂದೇ ಪೈಪಿನಿಂದ ರಭಸವಾಗಿ ಬಿಟ್ಟರೆ ದಂಡೆ ಕೊರೆದು ಅದರ ಬೇರು ಮೇಲೇಳುತ್ತದೆ. ನಿಮ್ಮ ತುಂಬಿಸಿದ ಕೆಂಪು ಮಣ್ಣು ತೊಳೆದುಕೊಂಡು ಹೋಗಿ ಹೊಳೆ ತಳದಲ್ಲಿ ಕೂತರೆ ಚಿಪ್ಪುಮೀನು ಹೆಕ್ಕಿ ಬದುಕುವವರ ಹೊಟ್ಟೆಗೆ ಕಲ್ಲು. ಹೊಳೆಗೆ ಸೇರುವ ಮೊದಲು ಮಣ್ಣು ಕೂರಲು ಒಂದು ಗುಂಡಿ ಇರಲಿ. ಅದರಲ್ಲಿ ಕೂತ ಮಣ್ಣನ್ನು ಮಳೆಗಾಲಕ್ಕೆ ಮೊದಲು ತೆಗೆಸಿ.

ಹೊಳೆಬದಿ
ಉಂಟು ಮೇಡಂ, ಉದ್ದಕ್ಕೂ ಇದೆ. ಕಡಿದಿಲ್ಲ. ಪೈಪ್ ಹಾಕುವ ಜಾಗದಲ್ಲಿ ಸ್ವಲ್ಪ ಹೋಗಿದೆ.

ಕಾನೂನುಕಟ್ಟೆ
"ಸ್ವಲ್ಪ ಹೋಗಿದೆ" ಅನ್ನುವುದನ್ನು ಸಾರ್ವಜನಿಕವಾಗಿ ಬರೆಯಬೇಡಿ ಮಾರಾಯ್ರೆ.

ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಬಗ್ಗೆ ಇಲ್ಲಿಯ ತನಕ ಯಾರೂ ಮಾತಾಡಿಲ್ಲ, ಆಶ್ಚರ್ಯ. 2011ರ ಅಧಿಸೂಚನೆಯಲ್ಲಿ ಭರತ ಇಳಿತ ಇರುವ ಹೊಳೆಗೆ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ, ಭರತದ ಗೆರೆಯಿಂದ ಅಷ್ಟು ದೂರ ಈ ವಲಯ. 2019ರದ್ದರಲ್ಲಿ ಆ 100 ಅನ್ನು 50 ಮಾಡಿದರು. ಸಮುದ್ರ ದೂರ ಉಂಟು, ನಮಗೆ ಬರುವುದಿಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಅತ್ಯಂತ ಒಣ ಕಾಲದಲ್ಲಿ ಹೊಳೆ ನೀರಿನ ಉಪ್ಪು ಸಾವಿರಕ್ಕೆ 5 ಭಾಗ ಇರುವ ತನಕ ಹೊಳೆ ಸಿಆರ್‌ಝಡ್ ಲೆಕ್ಕಕ್ಕೆ ಬರುತ್ತದೆ. ಕಾಂಡ್ಲ 1,000 ಚದರ ಮೀಟರ್ ಮೀರಿದ್ದರೆ ಅದರ ಸುತ್ತ ಇನ್ನೂ 50 ಮೀಟರ್ ಬಫರ್. ಭಾವನವರ ನಾಲ್ಕು ಕಾಟೇಜ್ ಎಲ್ಲಿ ಬೀಳುತ್ತದೆ ಅಂತ ಮೊದಲು ನಕ್ಷೆಯಲ್ಲಿ ನೋಡಲಿ. ಹೊಳೆಗೆ ಪೈಪ್ ಬಾಯಿ ತೆರೆಯಲು ಕೂಡ ಅನುಮತಿ ಕೇಳಿಯೇ ಮುಂದುವರಿಯಿರಿ.

ನಂಬಿಕೆ ಬಾರದಿದ್ದರೆ ಕೇರಳ ನೋಡಿ. ವೆಂಬನಾಡ್ ಹಿನ್ನೀರಿನ ನೆಡಿಯತುರುತ್ತು ದ್ವೀಪದಲ್ಲಿ ಕಾಪಿಕೋ ರೆಸಾರ್ಟ್, 54 ವಿಲ್ಲಾ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೆಡವಲು ಹೇಳಿತು. 2022ರಲ್ಲಿ ಕೆಡವಲು ಶುರು ಮಾಡಿದರು.

ನೆರೆಯವರ ದೂರಿನ ವಿಷಯ. 1882ರ ಈಸ್‌ಮೆಂಟ್ (ಪಕ್ಕದ ಜಾಗದ ಮೇಲಿರುವ ಹಕ್ಕುಗಳ) ಕಾಯ್ದೆ ಪ್ರಕಾರ ಮೇಲಿನ ಜಾಗದ ನೀರು ಸಹಜವಾಗಿ ಕೆಳಗಿನ ಜಾಗಕ್ಕೆ ಹರಿಯುವುದು ಮೇಲಿನವನ ಹಕ್ಕು. ಕೆಳಗಿನವನು ಕಟ್ಟೆಯಿಂದಲೋ ಮಣ್ಣಿನಿಂದಲೋ ಅಡ್ಡ ಕಟ್ಟುವ ಹಾಗಿಲ್ಲ. ತೋಟದವರು ವಕೀಲರ ಹತ್ತಿರ ಹೋದರೆ ನಿಮ್ಮ ಕಡೆ ಹೇಳಲು ಜಾಸ್ತಿ ಏನಿಲ್ಲ.

ಭಾವ_ನಾನೇ
ನಮಸ್ಕಾರ. ಇಲ್ಲಿ ಎಲ್ಲರೂ ಬಯ್ಯುತ್ತಿರುವ ಭಾವ ನಾನೇ. ನನ್ನ ಹೆಂಡತಿಯ ತಮ್ಮ ಇದನ್ನು ಬರೆದಿದ್ದಾನೆ ಅಂತ ಈಗ ಗೊತ್ತಾಯಿತು.

ಒಂದು ಮಾತು ಕೇಳುತ್ತೇನೆ. ಸಾಲ ಯಾರು ಕಟ್ಟುವುದು? ಈ ಹೊಳೆ ದಂಡೆಯಲ್ಲಿ ಹತ್ತಾರು ಜನ ಮಣ್ಣು ತುಂಬಿಸಿ ಮನೆ, ಹೋಮ್‌ಸ್ಟೇ ಮಾಡಿದ್ದಾರೆ. ಅವರಿಗಿಲ್ಲದ ಕಾನೂನು, ತೋಡು, ಜಂತ್ರಡಿ ಎಲ್ಲಾ ನಮಗೆ ಮಾತ್ರವಾ? ಎಲ್ಲರೂ ಎತ್ತರ ಮಾಡಿ ನಾವು ಮಾತ್ರ ತಗ್ಗು ಬಿಟ್ಟರೆ ಅವರ ನೀರೆಲ್ಲ ನಮ್ಮಲ್ಲೇ ನಿಲ್ಲುತ್ತದೆ. ಅದಕ್ಕೆ ಯಾರಾದರೂ ಉತ್ತರ ಕೊಡಿ.

ಬೆಂಗಳೂರು_ಬೋಟ್
ಭಾವ ಬಂದರು! ಇನ್ನು ಮಜಾ.

ತೋಡಿನಮನೆ
ನಿಮ್ಮ ಪ್ರಶ್ನೆ ನ್ಯಾಯದ್ದೇ ಭಾವನವರೇ. ಎಲ್ಲರೂ ತುಂಬಿಸಿದ್ದರಿಂದಲೇ ನಿಮ್ಮಲ್ಲಿ ನೀರು ಮೊದಲಿಗಿಂತ ಮೇಲೆ ಬರುತ್ತಿರುವುದು. ನೀವೂ ತುಂಬಿಸಿದರೆ ಮುಂದಿನವನಿಗೆ ಹೋಗುತ್ತದೆ. ಅವನು ತೆಂಗಿನ ತೋಟದವನು, ಅವನಿಗೆ ಸಾಲ ಕೊಡುವ ಬ್ಯಾಂಕೂ ಇಲ್ಲ. ಪಂಚಾಯತಿ ಎಲ್ಲರ ತೋಡನ್ನೂ ಒಟ್ಟಿಗೆ ಬಿಡಿಸಬೇಕು, ಅದು ಸತ್ಯ. ಅಷ್ಟಕ್ಕೆ ಕಾದರೆ ನಿಮ್ಮ ಕಾಟೇಜಿಗೆ ಈ ವರ್ಷವೂ ನೀರು.

ಆಟೋಲೆವೆಲ್
ಭಾವನವರೇ, ನಾಲ್ಕು ಕಾಟೇಜ್ ಬೇಡ ಅಂತ ನಾನು ಹೇಳಿಲ್ಲ. ಸಿಆರ್‌ಝಡ್ ಗೆರೆಯ ಹೊರಗೆ ಜಾಗ ಸಿಕ್ಕಿ, ಅನುಮತಿಯೂ ಸಿಕ್ಕಿದರೆ, ಮಣ್ಣು ತುಂಬಿಸದೆ ಕಂಬದ ಮೇಲೆ ಕಟ್ಟಿ. ಕೆಳಗೆ ನೀರು ಬಂದು ಹೋಗಲಿ. ಕಂಬ ತೆಗೆದುಕೊಳ್ಳುವ ಜಾಗ ಲೆಕ್ಕಕ್ಕೇ ಇಲ್ಲ, 60 ಸೆಂಟ್ಸ್ ಹಾಗೇ ಉಳಿಯುತ್ತದೆ. ಮೂರು ಅಡಿ ಮಣ್ಣು ಹೊಡೆಸಿ, ರೋಲರ್ ಹಾಯಿಸಿ, ಅದು ಕುಸಿಯದಂತೆ ಸುತ್ತ ಕಲ್ಲಿನ ಗೋಡೆ ಕಟ್ಟುವ ಖರ್ಚೂ ಒಮ್ಮೆ ಬರೆದು ನೋಡಿ.

ತೋಡನ್ನು ಮಾತ್ರ ಪಾರ್ಕಿಂಗ್ ಕೆಳಗಿನಿಂದ ಹೊರಗೆ ತೆಗೆಯಿರಿ. ಗಡಿಯ ಬದಿಯಲ್ಲಿ ತೆರೆದ ತೋಡು, ಎರಡೂ ಕಡೆ ಮುರಕಲ್ಲು, ಮೇಲೆ ಹುಲ್ಲು. ಮೇಲಿನ ಮನೆಗಳ ನೀರು ಅದರಲ್ಲೇ ಸೀದಾ ಹೋಗಲಿ. ನಿಮ್ಮ ಹೊಂಡಕ್ಕೆ ಅದನ್ನು ಸೇರಿಸಬೇಡಿ, ಸೇರಿಸಿದರೆ 60 ಸೆಂಟ್ಸೂ ಸಾಲದು.

ಭಾವ_ನಾನೇ
ಕಂಬದ ಮೇಲೆ ಅಂದರೆ ಮರದ್ದಾ? ಉಪ್ಪುಗಾಳಿಗೆ ನಿಲ್ಲುತ್ತದಾ?

ಆಟೋಲೆವೆಲ್
ಆರ್‌ಸಿಸಿ ಕಂಬ. ಕಬ್ಬಿಣದ ಮೇಲೆ ಕಾಂಕ್ರೀಟಿನ ಕವರ್ ಜಾಸ್ತಿ ಇರಲಿ. ಉಪ್ಪುನೀರು ಒಳಗೆ ಇಳಿದರೆ ಕಬ್ಬಿಣ ಉಬ್ಬಿ ಕಾಂಕ್ರೀಟ್ ಸಿಡಿಯುತ್ತದೆ. ಇದರಲ್ಲಿ ಜಿಪುಣತನ ಬೇಡ.

ಕಗ್ಗ_ಕುಮಟಾ
ಈಗಿರುವ ಪೈಪ್ ಬಾಯಿಗೆ ಬಾಗಿಲು? ಅದನ್ನು ಯಾರೂ ಹೇಳಲಿಲ್ಲ.

ಪ್ಲಂಬರ್_ಮಣಿಪಾಲ
ಫ್ಲ್ಯಾಪ್ ವಾಲ್ವ್ ಸಿಗುತ್ತದೆ. ಒಳಗಿನ ನೀರು ತಳ್ಳಿದರೆ ತೆರೆಯುತ್ತದೆ, ಹೊರಗಿನದು ತಳ್ಳಿದರೆ ಮುಚ್ಚುತ್ತದೆ. ಎರಕದ ಕಬ್ಬಿಣದ್ದು ತರಬೇಡಿ, ಉಪ್ಪಿಗೆ ತಿರುಗಣೆ ಹಿಡಿದು ನಿಲ್ಲುತ್ತದೆ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಅಥವಾ ಬಾತುಕೋಳಿ ಕೊಕ್ಕಿನ ಹಾಗಿರುವ ರಬ್ಬರಿನ ಡಕ್‌ಬಿಲ್ ವಾಲ್ವ್ ಒಳ್ಳೆಯದು. ಏನೇ ಹಾಕಿದರೂ ಒಳಗಡೆ ಜಾಲರಿ ಬೇಕು. ಒಂದು ತೆಂಗಿನಕಾಯಿ ಬಂದು ಬಾಯಿಗೆ ಸಿಕ್ಕಿಕೊಂಡರೆ ಬಾಗಿಲು ತೆರೆದೇ ಇರುತ್ತದೆ. ಚಿಪ್ಪು ಅಂಟುತ್ತದೆ, ಅದನ್ನು ಕೆರೆದು ತೆಗೆಯಬೇಕು. ಅಮಾವಾಸ್ಯೆ ಹುಣ್ಣಿಮೆಗೆ ಮುಂಚೆ ಒಬ್ಬ ಹೋಗಿ ನೋಡಿ ಬರಲಿ.

ತೋಡಿನಮನೆ
ಬಾಗಿಲು ಬೇಸಿಗೆಗೂ ಬೇಕು. ಇಲ್ಲದಿದ್ದರೆ ಅದೇ ಪೈಪಿನಲ್ಲಿ ಮಾರ್ಚ್ ಏಪ್ರಿಲಿನಲ್ಲಿ ಉಪ್ಪುನೀರು ಮೇಲೆ ಬಂದು ಸುತ್ತಲಿನ ಬಾವಿ ಹಾಳು. ಕಿಂಡಿ ಅಣೆಕಟ್ಟಿಗೆ ಮಳೆ ಕಳೆದ ಮೇಲೆ ಹಲಗೆ ಹಾಕುವುದು ಯಾಕೆ ಮತ್ತೆ?

ಮೀನುಪ್ರಿಯ
ಹಲಗೆ ತೆಗೆಯುವ ಹೊತ್ತಿಗೆ ಹತ್ತು ಮೀನು, ಅಂದರೆ ಹೊಳೆಯಿಂದ ಮೇಲೆ ಹತ್ತಿ ಬರುವ ಮೀನು. ಮೊದಲ ಮಳೆಗೆ ತೋಡಿನಲ್ಲಿ ಮೀನು ಹತ್ತುತ್ತದಲ್ಲ, ಪೈಪ್ ಹಾಕಿದ ತೋಡಿನಲ್ಲಿ ಅದೂ ನಿಂತಿತು. ಜೂನ್ ಜುಲೈ ಎರಡು ತಿಂಗಳು ಬೋಟಿಗೆ ರಜೆ, ನಮಗೆ ಗತಿ ತೋಡಿನ ಮೀನೇ.

ದುಬೈ_ಕುಂದಾಪ್ರ
ಮಾರಾಯ, ಇಲ್ಲಿ ಫ್ರೀಜರ್ ಮೀನು ತಿನ್ನುವವರ ಎದುರು ಇದನ್ನೆಲ್ಲ ಹೇಳಬೇಡ. ಸಾರಿಗೆ ಹುಳಿ ಯಾವುದು, ಅಮಟೆಯಾ ಹುಣಸೆಯಾ?

ಮೀನುಪ್ರಿಯ
ಹೊಳೆ ಮೀನಿಗೆ ಬಿಂಬುಳಿ. ಇದರಲ್ಲಿ ಚರ್ಚೆಯೇ ಇಲ್ಲ.

ಕಗ್ಗ_ಕುಮಟಾ
ಚರ್ಚೆ ಇದೆ. ಉಪ್ಪಾಗೆ ಹುಳಿ.

ನಿರ್ವಾಹಕ
ಮೀನು ಸಾರಿಗೆ ಬೇರೆ ಎಳೆ ಇದೆ. ಇಲ್ಲಿ ಚರಂಡಿ.

ಖರ್ಚುವೆಚ್ಚ
ಆಯಿತು, ಹೊಂಡ ಒಪ್ಪಿದೆ. ಆದರೆ ಅದನ್ನು ಚರಂಡಿ ಹೊಂಡ ಅಂತ ಇಡಬೇಡಿ ಭಾವನವರೇ. ಸುತ್ತ ಕಾಲುದಾರಿ, ಒಂದು ಕಟ್ಟೆ, ಬೆಳ್ಳಕ್ಕಿ ಮಿಂಚುಳ್ಳಿ ನೋಡಲು ಜಾಗ. ಬೆಂಗಳೂರಿನವರು ಅದಕ್ಕೂ ದುಡ್ಡು ಕೊಡುತ್ತಾರೆ.

ಬೆಂಗಳೂರು_ಬೋಟ್
ಕೊಡುತ್ತೇವೆ. ಬಾತ್‌ರೂಮಿನಲ್ಲಿ ನೀರು ಉಕ್ಕದಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಕೊಡುತ್ತೇವೆ.

ಹೊಳೆಬದಿ
ಈಜುಕೊಳಕ್ಕೆ ನೀರು ಬಿಡಲು ಶುರು ಮಾಡಿದ್ದೇವೆ. ವಾಲ್ವ್ ಇಟ್ಟಿಲ್ಲ ಅಂತ ಕಂಟ್ರಾಕ್ಟರ್ ಹೇಳಿದರು. ಪಾರ್ಕಿಂಗಿಗೆ ಇಂಟರ್‌ಲಾಕ್ ಮುಂದಿನ ವಾರ ಬರುತ್ತದೆ. ಅದರ ಸಂದಿನಲ್ಲಿ ನೀರು ಇಂಗುತ್ತದೆ ಅಲ್ವಾ? ಅಷ್ಟು ಕಡಿಮೆಯಾಗುತ್ತದೆ ಅಂತ ಲೆಕ್ಕ ಹಿಡಿಯಬಹುದಾ?

ಪ್ಲಂಬರ್_ಮಣಿಪಾಲ
ಕೆಳಗೆ ಏನು ಹಾಕುತ್ತಾರೆ? ಜಲ್ಲಿ ಮತ್ತು ಮರಳಾದರೆ ಸ್ವಲ್ಪ ಇಂಗುತ್ತದೆ. ನಮ್ಮ ಕಡೆ ಹೆಚ್ಚಿನವರು ಕೆಳಗೆ ಬೆಡ್ ಕಾಂಕ್ರೀಟ್ ಹಾಕಿ ಮೇಲೆ ಇಂಟರ್‌ಲಾಕ್ ಕೂರಿಸುತ್ತಾರೆ. ಆಗ ಅದು ಸಿಮೆಂಟ್ ಅಂಗಳವೇ.

ಭಾವ_ನಾನೇ
ಬೆಡ್ ಕಾಂಕ್ರೀಟ್ ಅಂತಲೇ ಕೊಟೇಶನ್‌ನಲ್ಲಿದೆ.

ಲೆವೆಲ್ ಸರ್ವೆ (ಜಾಗದ ಏರುತಗ್ಗಿನ ಅಳತೆ) ಮಾಡಿಸೋಣ ಅಂತಿದ್ದೇನೆ. ಕಾಟೇಜ್ ವಿಷಯ ಆಮೇಲೆ ಮಾತಾಡುವ, ನಾನಿನ್ನೂ ಒಪ್ಪಿಲ್ಲ. ಯಾವ ಯಾವ ಕಡೆ ಲೆವೆಲ್ ತೆಗೆಸಬೇಕು ಅಂತ ಇಂಜಿನಿಯರ್ ಸಾಹೇಬ್ರು ಹೇಳಿದರೆ ಉಪಕಾರ.

ಆಟೋಲೆವೆಲ್
ತೋಡು ನಿಮ್ಮ ಜಾಗಕ್ಕೆ ಬರುವಲ್ಲಿ ಅದರ ತಳ, ಹೊಳೆಗೆ ಸೇರುವಲ್ಲಿ ತಳ. ಪೈಪ್ ಬಾಯಿಯ ಕೆಳ ಅಂಚು. ಬೈಲಿನಲ್ಲಿ ಹತ್ತು ಮೀಟರಿಗೊಂದು. ತೆಂಗಿನ ತೋಟದ ತಗ್ಗು ಭಾಗದಲ್ಲೂ ತೆಗೆಸಿ, ಆದರೆ ಮೊದಲು ಅವರನ್ನು ಕೇಳಿ. 2020ರ ನೆರೆ ಗುರುತು ಸಿಕ್ಕಿದರೆ ಅದೂ. ಜೆಟ್ಟಿಯ ಕಂಬಕ್ಕೆ ಬಣ್ಣದಲ್ಲಿ ಅಳತೆ ಬರೆಸಿ, ಅಮಾವಾಸ್ಯೆ ಹುಣ್ಣಿಮೆ ಭರತದಲ್ಲಿ ನೀರು ಎಲ್ಲಿಗೆ ಬಂತು ಅಂತ ವಾಚ್‌ಮನ್ ಪುಸ್ತಕದಲ್ಲಿ ಬರೆದಿಡಲಿ. ಮಂಗಳೂರು ಬಂದರಿನ ಭರತದ ಪಟ್ಟಿ ಸರ್ವೆ ಆಫ್ ಇಂಡಿಯಾದವರದ್ದು ಸಿಗುತ್ತದೆ, ಆದರೆ ಅಳಿವೆಯ ಒಳಗೆ ಹೊತ್ತೂ ಎತ್ತರವೂ ಸ್ವಲ್ಪ ಬದಲಾಗುತ್ತದೆ. ನಿಮ್ಮ ಕಂಬದ ಗುರುತೇ ನಿಮಗೆ ಸರಿ.

ಇಂಟರ್‌ಲಾಕ್ ಲೋಡ್ ಮುಂದಿನ ವಾರ ಬೇಡ ಅಂತ ಇವತ್ತೇ ಫೋನ್ ಮಾಡಿ. ಅದರ ಅಡಿಯ ಪೈಪ್ ತೆಗೆಯಬೇಕಾಗುತ್ತದೆ.

ಭಾವ_ನಾನೇ
ಅಡ್ವಾನ್ಸ್ ಕೊಟ್ಟಾಗಿದೆ.

ಪ್ಲಂಬರ್_ಮಣಿಪಾಲ
ಲೋಡ್ ಬರಲಿ, ರಸ್ತೆ ಬದಿ ಎತ್ತರದಲ್ಲಿ ಪೇರಿಸಿಡಿ. ಹಾಕಿಸಬೇಡಿ. ಪೈಪಿನ ಬಾಯಿ ಹತ್ತಿರ ಮಾತ್ರ ಇಳಿಸಬೇಡಿ, ಜಾಲರಿ ತೆಗೆಯಲು ಜಾಗ ಬೇಕು.